ಕೊಡುವುದು, ಕೂಡುವುದು: ಬೈಬಲಿನ ‘ಲಾವಾ’ ಎಂಬ ಮಾತಿನಿಂದ ನಮ್ಮ ಸಂಘಕ್ಕೊಂದು ಪಾಠ



ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಪ್ರಾರ್ಥನೆ ಆಯಿತು, ಹಾಜರಿ ಆಯಿತು, ಉಳಿತಾಯದ ಹಣ ಕಟ್ಟಿದ್ದೂ ಆಯಿತು. ಸಾಲ ಮರುಪಾವತಿಯ ವಿಷಯ ಬಂದ ಕೂಡಲೇ ಎಲ್ಲರ ಮುಖ ಗಂಟಾಯಿತು. ಒಬ್ಬ ಸದಸ್ಯೆ ಏಳು ವಾರದಿಂದ ಸಭೆಗೆ ಬಂದಿರಲಿಲ್ಲ, ಕಂತೂ ಕಟ್ಟಿರಲಿಲ್ಲ. ಗಂಡನ ಆಸ್ಪತ್ರೆ ಖರ್ಚಿಗೆಂದು ಸಂಘದಿಂದ 25,000 ರೂಪಾಯಿ ಪಡೆದಿದ್ದರು. ಅದರಲ್ಲಿ 14,000 ರೂಪಾಯಿ ಅಸಲು ಇನ್ನೂ ಬಾಕಿ ಇತ್ತು.

ಒಬ್ಬ ಸದಸ್ಯೆ ಎದ್ದು ನಿಂತು, “ನಾಳೆ ಬೆಳಿಗ್ಗೇನೆ ಹೋಗಿ ಅವ್ಳ ಹಸು ಹೊಡ್ಕೊಂಡ್ ಬರಾನ ಸಿಸ್ಟರ್. ದುಡ್ಡು ತಗೊಳ್ಳೋವಾಗ ಇದ್ದ ಮುಖ ಈಗ ಎಲ್ಲೋಯ್ತು?” ಎಂದರು. ಆ ಮಾತಿಗೆ ಹಲವರು ತಲೆ ಆಡಿಸಿದರು. ಮೂಲೆಯಲ್ಲಿ ಕುಳಿತಿದ್ದ ವಯಸ್ಸಾದ ಅಮ್ಮ ಮಾತ್ರ, “ಹಸು ತಂದ್ರೆ ಅವ್ಳ ಮನೆ ಒಲೆ ಹೆಂಗ್ ಉರಿಬೇಕು? ನಾವೇನ್ ಬಡ್ಡಿ ಸಾಹುಕಾರ್ರಾ?” ಎಂದು ಕೇಳಿದರು. ಇನ್ನೊಬ್ಬರು, “ನನ್ ಮಗಳ ಕಾಲೇಜ್ ಫೀಜಿಗೆ ಸಾಲ ಕೇಳ್ದೆ. ದುಡ್ಡಿಲ್ಲ ಅಂದ್ರಿ. ನನ್ ಉಳಿತಾಯ ಅವ್ಳ ಮನೇಲ್ ಕೂತದೆ. ನನ್ ಕಷ್ಟ ಯಾರ್ ಕೇಳ್ತೀರ?” ಎಂದು ಕಣ್ಣೀರು ಹಾಕಿದರು.

ಮೂವರ ಮಾತಿನಲ್ಲೂ ಸತ್ಯ ಇತ್ತು. ಆ ದಿನ ನಮ್ಮ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಒಂದು ವಾರ ಸಮಯ ಕೊಡಿ, ಹಸುವಿನ ಮಾತು ಅಲ್ಲಿಯವರೆಗೆ ಬೇಡ ಎಂದು ಹೇಳಿ ಬಂದೆವು. ಬಸ್ಸಿನಲ್ಲಿ ಬರುವಾಗ, ನಾವು ಬೈಬಲ್ ಅಧ್ಯಯನದಲ್ಲಿ ಕಲಿತಿದ್ದ ಒಂದು ಹೀಬ್ರೂ ಮಾತು ನೆನಪಿಗೆ ಬಂತು. ಮುಂದಿನ ವಾರ ಅದನ್ನೇ ಸಂಘದಲ್ಲಿ ಪಾಠವಾಗಿ ಹೇಳಿದೆವು. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದ ಅಕ್ಕತಂಗಿಯರೂ ಇದ್ದೀರಿ. ಇದು ಯಾರಿಗೂ ಧರ್ಮ ಬೋಧಿಸುವ ಪಾಠವಲ್ಲ. ಸಾಲ ಎಂದರೇನು, ಸಾಲ ಕೊಟ್ಟವರೂ ಪಡೆದವರೂ ಹೇಗಿರಬೇಕು ಎಂದು ಹಳೆಯ ಜನ ಯೋಚಿಸಿದ್ದನ್ನು ತಿಳಿದುಕೊಳ್ಳುವ ಪಾಠ.

ಒಂದೇ ಮಾತು, ಮೂರು ಅರ್ಥ

ಬೈಬಲಿನ ಹಳೆಯ ಒಡಂಬಡಿಕೆ ಹೆಚ್ಚಾಗಿ ಹೀಬ್ರೂ ಭಾಷೆಯಲ್ಲಿದೆ. ಆ ಭಾಷೆಯಲ್ಲಿ ಬಹುತೇಕ ಕ್ರಿಯಾಪದಗಳಿಗೆ ಮೂರು ಅಕ್ಷರದ ಬೇರು ಇರುತ್ತದೆ. ಆ ಬೇರಿಗೆ ಹಿಂದೆ ಮುಂದೆ ಸೇರಿಸಿ ಬೇರೆ ಬೇರೆ ಅರ್ಥ ಮಾಡುತ್ತಾರೆ. ನಮ್ಮಲ್ಲಿ ‘ಉಣ್ಣು’ ಎಂದರೆ ತಾನು ಉಣ್ಣುವುದು, ‘ಉಣಿಸು’ ಎಂದರೆ ಇನ್ನೊಬ್ಬರು ಉಣ್ಣುವಂತೆ ಮಾಡುವುದು. ‘ಕಲಿ’, ‘ಕಲಿಸು’ ಕೂಡ ಹಾಗೆಯೇ.

ನಾವು ಹೇಳುತ್ತಿರುವ ಮಾತು ‘ಲಾವಾ’. ಲಾಮೆದ್, ವಾವ್, ಹೇ ಎಂಬ ಮೂರು ಅಕ್ಷರ. ಬೈಬಲಿನಲ್ಲಿ ಇದು ಬರುವುದು ಮೂವತ್ತಕ್ಕಿಂತ ಕಡಿಮೆ ಸಲ. ಅಷ್ಟರಲ್ಲೇ ಮೂರು ಕೆಲಸ ಮಾಡುತ್ತದೆ.

ಮೊದಲನೆಯದು, ಸಾಲ ಪಡೆಯುವುದು. ಪಡೆದವರನ್ನು ‘ಲೊವೆ’ ಎನ್ನುತ್ತಾರೆ.

ಎರಡನೆಯದು, ಸಾಲ ಕೊಡುವುದು. ಇದು ‘ಉಣಿಸು’ ಇದ್ದ ಹಾಗೆ. ಅಂದರೆ ಇನ್ನೊಬ್ಬರು ಸಾಲ ಪಡೆಯುವಂತೆ ಮಾಡುವುದು. ಕೊಟ್ಟವರು ‘ಮಲ್ವೆ’. ಪಡೆದವರ ಹೆಸರೂ ಕೊಟ್ಟವರ ಹೆಸರೂ ಒಂದೇ ಬೇರಿನಿಂದ ಹುಟ್ಟಿದವು.

ಮೂರನೆಯದು, ಜೊತೆಗೂಡುವುದು, ಸೇರಿಕೊಳ್ಳುವುದು, ಜೊತೆಯಲ್ಲಿ ನಡೆಯುವುದು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಪಂಡಿತರ ನಿಘಂಟುಗಳಲ್ಲಿ ‘ಸಾಲ’ದ ಲಾವಾ ಒಂದು ಮಾತು, ‘ಜೊತೆಗೂಡುವ’ ಲಾವಾ ಇನ್ನೊಂದು ಮಾತು ಎಂದು ಬೇರೆ ಬೇರೆಯಾಗಿ ಬರೆದಿರುತ್ತಾರೆ. ಕನ್ನಡದಲ್ಲಿ ‘ಅರಸು’ ಎಂದರೆ ರಾಜ, ‘ಅರಸು’ ಎಂದರೆ ಹುಡುಕು. ಅಕ್ಷರ ಒಂದೇ ಆದ ಮಾತ್ರಕ್ಕೆ ರಾಜ ಎಂದರೆ ಹುಡುಕುವವನು ಎಂದು ಯಾರೂ ಹೇಳುವುದಿಲ್ಲ. ಹಾಗಾಗಿ ಅಕ್ಷರ ಒಂದೇ ಇದೆ ಎಂಬ ಕಾರಣಕ್ಕೇ ದೊಡ್ಡ ತತ್ವ ಕಟ್ಟಬಾರದು. ಆದರೆ ಆ ಭಾಷೆ ಆಡುವ ಜನರ ಕಿವಿಗೆ ಎರಡೂ ಒಂದೇ ಸದ್ದಿನಲ್ಲಿ ಬೀಳುತ್ತಿದ್ದವು. ಇಂದಿಗೂ ಇಸ್ರೇಲಿನಲ್ಲಿ ಸಾಲಕ್ಕೆ ‘ಹಲ್ವಾಆ’ ಎನ್ನುತ್ತಾರೆ, ಶವಯಾತ್ರೆಗೆ ‘ಲೆವಾಯಾ’ ಎನ್ನುತ್ತಾರೆ. ಸತ್ತವರ ಜೊತೆ ಕೊನೆಯ ದಾರಿ ನಡೆಯುವುದು ಎಂದು ಅದರ ಅರ್ಥ. ನಾವು ‘ಮಣ್ಣಿಗೆ ಹೋಗಿ ಬಂದೆವು’ ಅನ್ನುತ್ತೇವಲ್ಲ, ಅದೇ.

ನಮ್ಮ ಕನ್ನಡದಲ್ಲೂ ಇದೆ

ಈ ಮೂರು ಅರ್ಥ ನಮಗೆ ಹೊಸದೇನಲ್ಲ. ‘ಸಾಲಗಾರ’ ಎನ್ನುವ ಮಾತನ್ನೇ ನೋಡಿ. ‘ಅವನು ಸಾಲಗಾರ ಆಗಿದ್ದಾನೆ’ ಎಂದರೆ ಸಾಲ ಪಡೆದವನು. ‘ಸಾಲಗಾರರು ಬಾಗಿಲಿಗೆ ಬಂದು ಕೂತವ್ರೆ’ ಎಂದರೆ ಸಾಲ ಕೊಟ್ಟವರು. ಒಂದೇ ಮಾತು ಎರಡು ಕಡೆಗೂ ಸಲ್ಲುತ್ತದೆ.

ಇನ್ನು ‘ಋಣ’. ಬ್ಯಾಂಕಿನ ಕಾಗದದಲ್ಲಿ ಋಣ ಎಂದರೆ ಸಾಲ. ನಮ್ಮ ಬಾಯಲ್ಲಿ ಋಣ ಎಂದರೆ ಸಂಬಂಧ. ಅನ್ನದ ಋಣ, ಮಣ್ಣಿನ ಋಣ, ಹೆತ್ತವರ ಋಣ ಅನ್ನುತ್ತೇವೆ. ‘ಆ ಊರಿನ ಋಣ ತೀರಿತು’ ಎಂದರೆ ಅಲ್ಲಿನ ನಂಟು ಮುಗಿಯಿತು ಎಂದು ಅರ್ಥ. ಗದ್ದೆ ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವುದು ನಮ್ಮ ಹಿರಿಯರ ಪದ್ಧತಿ. ಇವತ್ತು ನಾನು ನಿನ್ನ ನಾಟಿಗೆ, ನಾಳೆ ನೀನು ನನ್ನ ಕಳೆಗೆ. ಮದುವೆ ಮನೆಯಲ್ಲಿ ಮುಯ್ಯಿ ಮಾಡಿದ್ದನ್ನು ಬರೆದಿಟ್ಟುಕೊಂಡು ಅವರ ಮನೆಯ ಮದುವೆಗೆ ತಪ್ಪದೆ ಹಿಂದಿರುಗಿಸುತ್ತೇವೆ. ಅದು ಸಾಲವೂ ಹೌದು, ನಂಟೂ ಹೌದು. ಹೆಣ್ಣು ‘ಕೊಟ್ಟು ತಂದ’ ಮನೆಗಳು ಬೀಗರಾಗುವುದೂ ಹೀಗೆಯೇ. ಕೊಡುವುದರಿಂದ ಕೂಡುವುದು ಬರುತ್ತದೆ.

ಬಸ್ತಿಹಳ್ಳಿಯ ಹೆಸರು ಬಂದದ್ದೇ ಅಲ್ಲಿನ ಬಸದಿಗಳಿಂದ. ಒಂದೇ ಆವರಣದಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಎಂಬ ಮೂರು ಬಸದಿಗಳಿವೆ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪದೇವ ಎಂಬವರು ಕಟ್ಟಿಸಿದರು. ಅವರ ತಂದೆ ಗಂಗರಾಜ, ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ. ತೀರಿಕೊಂಡ ತಂದೆಯ ನೆನಪಿಗಾಗಿ ಮಗ ಕಟ್ಟಿಸಿದ ಬಸದಿ ಅದು. ಪಿತೃಋಣ ಎನ್ನುವುದನ್ನು ಹೀಗೂ ತೀರಿಸಿದವರಿದ್ದಾರೆ. ಆ ಋಣವನ್ನು ಯಾವ ಲೆಡ್ಜರಿನಲ್ಲೂ ಬರೆಯಲು ಆಗುವುದಿಲ್ಲ.

ಲೇಯಳ ಆಸೆ

ಬೈಬಲಿನಲ್ಲಿ ‘ಲಾವಾ’ ಜೊತೆಗೂಡುವ ಅರ್ಥದಲ್ಲಿ ಮೊದಲು ಬರುವುದು ಒಬ್ಬ ಹೆಂಗಸಿನ ಬಾಯಲ್ಲಿ. ಆದಿಕಾಂಡದ 29ನೇ ಅಧ್ಯಾಯ ಓದಿ. ಯಕೋಬನಿಗೆ ಇಬ್ಬರು ಹೆಂಡತಿಯರು, ಅಕ್ಕ ಲೇಯ, ತಂಗಿ ರಾಖೇಲ್. ಗಂಡನ ಪ್ರೀತಿ ಎಲ್ಲ ತಂಗಿಯ ಮೇಲೆ. ಲೇಯಳಿಗೆ ಒಂದು ಗಂಡಾಯಿತು, ಎರಡು ಗಂಡಾಯಿತು, ಗಂಡ ಇವಳ ಕಡೆ ತಿರುಗಿ ನೋಡಲಿಲ್ಲ. ಮೂರನೇ ಮಗ ಹುಟ್ಟಿದಾಗ, ಈಗಲಾದರೂ ಗಂಡ ನನ್ನ ಜೊತೆಗೂಡುತ್ತಾನೆ ಎಂದುಕೊಂಡಳು. ಆ ‘ಜೊತೆಗೂಡು’ ಎಂಬುದೇ ಲಾವಾ. ಅದರಿಂದಲೇ ಆ ಮಗುವಿಗೆ ‘ಲೇವಿ’ ಎಂದು ಹೆಸರಾಯಿತು.

ಗಂಡನ ಮನೆಯಲ್ಲಿದ್ದೂ ಒಂಟಿಯಾಗಿರುವುದು ಎಂದರೇನು ಎಂದು ನಮ್ಮಲ್ಲಿ ಅನೇಕರಿಗೆ ಗೊತ್ತು. ಲೇಯಳು ಕೇಳಿದ್ದು ಒಡವೆ ಅಲ್ಲ, ಹೊಲ ಅಲ್ಲ. ಜೊತೆ ಕೇಳಿದಳು. ಮುಂದೆ ಆ ಲೇವಿಯ ವಂಶದವರೇ ದೇವಾಲಯದ ಸೇವೆ ಮಾಡುವ ಲೇವಿಯರಾದರು. ಸಂಖ್ಯಾಕಾಂಡ 18ರಲ್ಲಿ ಅವರು ಯಾಜಕ ಆರೋನನ ‘ಜೊತೆಗೂಡಿ’ ಕೆಲಸ ಮಾಡಬೇಕು ಎಂದು ಹೇಳುವಾಗ ಮತ್ತೆ ಅದೇ ಕ್ರಿಯಾಪದ ಬರುತ್ತದೆ. ಯೆಶಾಯನ ಗ್ರಂಥ 56ರಲ್ಲಿ ಪರದೇಶದವರು ದೇವರ ಜೊತೆ ‘ಸೇರಿಕೊಳ್ಳುವ’ ಮಾತಿದೆ. ನಮ್ಮನ್ನು ಹೊರಗಿನವರು ಎಂದು ಬೇರೆ ಮಾಡುತ್ತಾರೆ ಎಂದು ಅವರು ಹೆದರಬೇಕಾಗಿಲ್ಲ ಎಂದು ಪ್ರವಾದಿ ಧೈರ್ಯ ಕೊಡುತ್ತಾನೆ. ಉಪದೇಶಕ 8ರಲ್ಲಿ, ದುಡಿಮೆಯ ದಿನಗಳಲ್ಲಿ ಮನುಷ್ಯನ ‘ಜೊತೆ ನಡೆಯುವುದು’ ಊಟ ತೀರ್ಥದ ಸಂತೋಷ ಎಂದಿದೆ.

ಸೇರಿಕೊಳ್ಳುವುದೆಲ್ಲ ಒಳ್ಳೆಯದೇ ಅಲ್ಲ ಎಂಬುದನ್ನೂ ಬೈಬಲ್ ಮರೆಯುವುದಿಲ್ಲ. ಕೀರ್ತನೆ 83ರಲ್ಲಿ ಶತ್ರುಗಳ ಕೂಟಕ್ಕೆ ಅಸ್ಸೀರಿಯದವರೂ ‘ಸೇರಿಕೊಂಡರು’ ಎನ್ನಲು ಇದೇ ಮಾತು. ಹತ್ತು ಜನ ಕೂಡಿ ಒಬ್ಬಳ ಹಸು ಹೊಡೆದುಕೊಂಡು ಬರುವುದೂ ಒಂದು ಕೂಡುವಿಕೆಯೇ. ಎಂಥ ಕೂಡುವಿಕೆ ಎಂದು ನಾವು ಕೇಳಿಕೊಳ್ಳಬೇಕು.

ಕಚ್ಚುವ ಸಾಲ

ಈಗ ಸಾಲದ ಲಾವಾಕ್ಕೆ ಬರೋಣ. ವಿಮೋಚನಾಕಾಂಡ 22ನೇ ಅಧ್ಯಾಯದಲ್ಲಿ ಒಂದು ಕಟ್ಟಳೆ ಇದೆ. ನಿನ್ನ ಜೊತೆಯಲ್ಲಿರುವ ಬಡವರಿಗೆ ಹಣ ಸಾಲ ಕೊಟ್ಟರೆ ಸಾಹುಕಾರನಂತೆ ವರ್ತಿಸಬೇಡ, ಅವರ ಮೇಲೆ ಬಡ್ಡಿ ಹೇರಬೇಡ ಎಂಬುದು ಅದರ ಸಾರ. ‘ನಿನ್ನ ಜೊತೆಯಲ್ಲಿರುವ’ ಎಂಬುದನ್ನು ಗಮನಿಸಿ. ಸಾಲ ಕೊಡುವಾಗಲೂ ಅವಳು ನನ್ನ ಜೊತೆಯವಳೇ.

ಅಲ್ಲಿ ಬಡ್ಡಿಗೆ ಇರುವ ಹೀಬ್ರೂ ಮಾತು ‘ನೆಶೆಖ್’. ಅದು ‘ನಾಶಖ್’, ಅಂದರೆ ‘ಕಚ್ಚು’ ಎಂಬ ಮಾತಿನ ಮನೆಯದು. ಸಂಖ್ಯಾಕಾಂಡ 21ರಲ್ಲಿ ಹಾವುಗಳು ಜನರನ್ನು ಕಚ್ಚಿದವು ಎನ್ನುವಾಗ ಇದೇ ಕ್ರಿಯಾಪದ ಬಂದಿದೆ. ಹಾವು ಕಚ್ಚಿದ ಜಾಗ ಸಣ್ಣದು, ಆಮೇಲೆ ವಿಷ ಮೈಯೆಲ್ಲ ಏರುತ್ತದೆ. ಬಡ್ಡಿಯೂ ಹಾಗೆ. ಬಸ್ತಿಹಳ್ಳಿಯ ಬಸದಿಯಲ್ಲಿ ಪಾರ್ಶ್ವನಾಥರ ತಲೆಯ ಮೇಲೆ ಹಾವು ಹೆಡೆ ಬಿಚ್ಚಿ ನೆರಳು ಕೊಟ್ಟು ನಿಂತಿದೆ. ಹಾವು ಕಚ್ಚುವುದೂ ಉಂಟು, ನೆರಳಾಗುವುದೂ ಉಂಟು. ಸಾಲವೂ ಹಾಗೆಯೇ ಎಂದು ಆ ಸಂಘದ ಅಕ್ಕ ಒಬ್ಬರು ಹೇಳಿದರು. ನಮಗಿಂತ ಚೆನ್ನಾಗಿ ಹೇಳಿದರು.

ಬಡ್ಡಿ ಎಷ್ಟು ಕಚ್ಚುತ್ತದೆ ಎಂದು ನಾವೇ ಲೆಕ್ಕ ಹಾಕಲು ಕಲಿಯಬೇಕು. ತಿಂಗಳಿಗೆ ನೂರಕ್ಕೆ 2 ರೂಪಾಯಿ ಎಂದರೆ ವರ್ಷಕ್ಕೆ ನೂರಕ್ಕೆ 24. ನೂರಕ್ಕೆ 5 ಎಂದರೆ ವರ್ಷಕ್ಕೆ 60. ನೂರಕ್ಕೆ 10 ಎಂದರೆ ವರ್ಷಕ್ಕೆ 120, ಅಂದರೆ ಅಸಲಿಗಿಂತ ಬಡ್ಡಿಯೇ ಜಾಸ್ತಿ.

ಇನ್ನೊಂದು ಲೆಕ್ಕ. 10,000 ರೂಪಾಯಿ ಸಾಲ, 12 ತಿಂಗಳ ಕಂತು, ತಿಂಗಳಿಗೆ ನೂರಕ್ಕೆ 1 ರೂಪಾಯಿ ಬಡ್ಡಿ ಎಂದುಕೊಳ್ಳಿ. ವರ್ಷ ಪೂರ್ತಿ 10,000ಕ್ಕೇ ಬಡ್ಡಿ ಹಾಕಿದರೆ ಒಟ್ಟು ಬಡ್ಡಿ 1,200 ರೂಪಾಯಿ. ಪ್ರತಿ ತಿಂಗಳು ಅಸಲಿನ ಹನ್ನೆರಡರಲ್ಲಿ ಒಂದು ಪಾಲು ತೀರಿಸುತ್ತಾ, ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ ಒಟ್ಟು ಬಡ್ಡಿ 650 ರೂಪಾಯಿ. ಬಾಯಲ್ಲಿ ಹೇಳುವಾಗ ಎರಡೂ ‘ನೂರಕ್ಕೆ ಒಂದು’. ಕೈಯಿಂದ ಹೋಗುವಾಗ 550 ರೂಪಾಯಿ ವ್ಯತ್ಯಾಸ. ಆದ್ದರಿಂದ ಯಾರಿಂದ ಸಾಲ ಪಡೆದರೂ, ಬಡ್ಡಿ ಪೂರ್ತಿ ಹಣಕ್ಕೋ ಉಳಿದ ಅಸಲಿಗೋ ಎಂದು ಕೇಳಿ. ಕೇಳಲು ನಾಚಿಕೆ ಬೇಡ.

ಬಾಗಿಲ ಹೊರಗೆ ನಿಲ್ಲು

ಹಳೆಯ ಕಟ್ಟಳೆಗಳಲ್ಲಿ ಅಡವಿನ ಬಗ್ಗೆಯೂ ಇದೆ. ಧರ್ಮೋಪದೇಶಕಾಂಡ 24ನೇ ಅಧ್ಯಾಯದಲ್ಲಿ, ಬೀಸುವ ಕಲ್ಲನ್ನು ಅಡವು ಹಿಡಿಯಬಾರದು ಎಂದಿದೆ. ಅದನ್ನು ಹಿಡಿದರೆ ಆ ಮನೆಯವರ ಜೀವವನ್ನೇ ಹಿಡಿದಂತೆ. ಬೀಸುವ ಕಲ್ಲು ಇಲ್ಲದೆ ಹಿಟ್ಟಿಲ್ಲ, ಹಿಟ್ಟಿಲ್ಲದೆ ಊಟವಿಲ್ಲ. ಬಡವನ ಹೊದಿಕೆಯನ್ನು ಅಡವು ಹಿಡಿದರೆ ಸೂರ್ಯ ಮುಳುಗುವುದರೊಳಗೆ ಹಿಂದಿರುಗಿಸಬೇಕು. ಇನ್ನೂ ಒಂದು ಮಾತು ನಮಗೆ ಬಹಳ ಮುಖ್ಯ. ಅಡವಿನ ವಸ್ತು ತರಲು ಸಾಲ ಕೊಟ್ಟವನು ಮನೆಯೊಳಗೆ ನುಗ್ಗಬಾರದು, ಹೊರಗೆ ನಿಲ್ಲಬೇಕು, ಸಾಲ ಪಡೆದವನೇ ಅದನ್ನು ಹೊರಗೆ ತಂದು ಕೊಡಬೇಕು. ಹಣ ಕೊಟ್ಟ ಮಾತ್ರಕ್ಕೆ ಅವರ ಹೊಸ್ತಿಲು ನಮ್ಮದಾಗುವುದಿಲ್ಲ.

ಇವತ್ತಿನ ಕಾನೂನೂ ಇದನ್ನೇ ಹೇಳುತ್ತದೆ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಕಿರುಸಾಲದ ನಿಯಮಗಳಂತೆ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ಅಡವು ಕೇಳುವಂತಿಲ್ಲ. ಆ ಕುಟುಂಬ ಕಟ್ಟಬೇಕಾದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ವಸೂಲಿಗಾಗಿ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನು ಮಾಡಿ ಪೀಡಿಸುವಂತಿಲ್ಲ. ಬೈಗುಳ, ಬೆದರಿಕೆ ಕೂಡದು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವೂ ಬಲವಂತದ ಸಾಲ ವಸೂಲಿ ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಹೇಳಿತ್ತು. ಮನೆ ಮುಂದೆ ಬಂದು ಕೂತು ಮಾನ ಕಳೆಯುವವರಿಗೆ ಹೆದರಿ ಊರು ಬಿಟ್ಟವರು, ಜೀವ ಬಿಟ್ಟವರು ನಮ್ಮ ನಾಡಿನಲ್ಲೇ ಇದ್ದರು. ಆ ಕಾರಣಕ್ಕೇ ಇಂಥ ಕಾನೂನು ಬೇಕಾಯಿತು.

ಕಂಪನಿಯವರಿಗೆ ಕೂಡದು ಎಂದಿರುವುದನ್ನು ನಾವು ಸಂಘದವರು ಮಾಡಬಹುದೇ? ಯೋಚಿಸಿ.

ಕೂಗಿ ಹೇಳಿದ ಹೆಂಗಸರು

ನೆಹೆಮೀಯನ ಗ್ರಂಥದ 5ನೇ ಅಧ್ಯಾಯವನ್ನು ಪ್ರತಿ ಸಂಘವೂ ಒಂದು ಸಲ ಓದಬೇಕು. ಕ್ರಿಸ್ತಪೂರ್ವ 445ರ ಸುಮಾರು. ಪರ್ಷಿಯ ದೊರೆಗಳ ಆಳ್ವಿಕೆ. ಜೆರುಸಲೇಮಿನ ಬಿದ್ದ ಗೋಡೆಯನ್ನು ಜನ ಕಟ್ಟುತ್ತಿದ್ದರು. ಆಗ ಗಂಡಸರೂ ಅವರ ಹೆಂಡಂದಿರೂ ದೊಡ್ಡದಾಗಿ ಗೋಳಿಟ್ಟರು. ಹೆಂಗಸರ ಕೂಗನ್ನೂ ಅಲ್ಲಿ ಪ್ರತ್ಯೇಕವಾಗಿ ಹೇಳಿದ್ದಾರೆ. ಅವರ ದೂರು ಶತ್ರುಗಳ ಮೇಲಲ್ಲ, ತಮ್ಮ ಸ್ವಂತ ಜನರ ಮೇಲೆ. ಬರಗಾಲದಲ್ಲಿ ಕಾಳಿಗಾಗಿ ಹೊಲ, ತೋಟ, ಮನೆ ಅಡವಿಟ್ಟಿದ್ದರು. ರಾಜನ ಕಂದಾಯ ಕಟ್ಟಲು ಹಣ ಸಾಲ ತಂದಿದ್ದರು. ಇಲ್ಲಿ ‘ಸಾಲ ತಂದೆವು’ ಎಂಬುದು ನಮ್ಮ ಲಾವಾ ಮಾತೇ. ಕೊನೆಗೆ ಮಕ್ಕಳನ್ನೇ ಜೀತಕ್ಕೆ ಬಿಡುವ ಗತಿ ಬಂದಿತ್ತು, ಹೆಣ್ಣುಮಕ್ಕಳು ಆಗಲೇ ಜೀತಕ್ಕೆ ಹೋಗಿದ್ದರು.

ಜ್ಞಾನೋಕ್ತಿ 22ರಲ್ಲಿ, ಸಾಲ ಪಡೆದವನು ಕೊಟ್ಟವನಿಗೆ ಆಳು ಎಂಬ ಮಾತಿದೆ. ಲೊವೆ ಮತ್ತು ಮಲ್ವೆ ಎರಡೂ ಅಲ್ಲಿ ಒಟ್ಟಿಗೆ ಬರುತ್ತವೆ. ಇದು ಹೀಗಿರಲಿ ಎಂದು ಹೇಳಿದ ಮಾತಲ್ಲ, ಲೋಕ ಹೀಗಿದೆ ಎಂದು ಎಚ್ಚರಿಸಿದ ಮಾತು. ನೆಹೆಮೀಯನ ಕಾಲದ ಹೆಂಗಸರು ಅದನ್ನು ಅನುಭವಿಸಿದರು.

ನೆಹೆಮೀಯ ಅಲ್ಲಿನ ಅಧಿಪತಿ. ಅವನು ಕೋಪಗೊಂಡ, ಯೋಚಿಸಿದ, ದೊಡ್ಡ ಸಭೆ ಕರೆದ. ಆ ಸಭೆಯಲ್ಲಿ ನಾನೂ ನನ್ನ ಅಣ್ಣತಮ್ಮಂದಿರೂ ಜನರಿಗೆ ಹಣ, ಧಾನ್ಯ ಸಾಲ ಕೊಟ್ಟಿದ್ದೇವೆ ಎಂದು ತನ್ನನ್ನೂ ಸೇರಿಸಿ ಹೇಳಿದ. ಈ ಬಡ್ಡಿ ನಿಲ್ಲಿಸೋಣ, ಹೊಲ ತೋಟ ಮನೆಗಳನ್ನು ಇವತ್ತೇ ಹಿಂದಿರುಗಿಸೋಣ ಎಂದ. ಗೋಡೆ ಎಷ್ಟು ಎತ್ತರ ಕಟ್ಟಿದರೂ ಒಳಗಿನ ಜನ ಒಬ್ಬರನ್ನೊಬ್ಬರು ತಿನ್ನುತ್ತಿದ್ದರೆ ಆ ಊರು ಉಳಿಯುವುದಿಲ್ಲ.

ಕೂಡಿ ಸಾಲ ಕೊಡುವ ದಾರಿಯನ್ನು ನಮ್ಮ ನಾಡೂ ಹುಡುಕಿಕೊಂಡಿದೆ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿತು. 1992ರಲ್ಲಿ ನಬಾರ್ಡ್ 500 ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. 2000ದ ಇಸವಿಯಲ್ಲಿ ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಸಾಹುಕಾರನ ಬಾಗಿಲಿಗೆ ಒಬ್ಬೊಬ್ಬರೇ ಹೋಗುವ ಬದಲು ನಾವೇ ಕೂಡಿ ನಮಗೇ ಸಾಲ ಕೊಟ್ಟುಕೊಳ್ಳೋಣ ಎಂಬುದೇ ಇದರ ಮೂಲ. ನಮ್ಮ ಸಂಘದಲ್ಲಿ ಇವತ್ತು ಲೊವೆ ಆದವರು ನಾಳೆ ಮಲ್ವೆ.

ತೀರಿಸುವುದೂ ಧರ್ಮ

ಹಾಗಾದರೆ ಸಾಲ ಪಡೆದವರು ಕಟ್ಟದಿದ್ದರೂ ನಡೆಯುತ್ತದೆಯೇ? ಇಲ್ಲ. ಕೀರ್ತನೆ 37ರಲ್ಲಿ, ಸಾಲ ಪಡೆದು ತೀರಿಸದವನನ್ನು ದುಷ್ಟರ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಅದೇ ಕೀರ್ತನೆಯಲ್ಲಿ ಒಳ್ಳೆಯವನು ಕರುಣೆಯಿಂದ ಸಾಲ ಕೊಡುತ್ತಾನೆ ಎಂದೂ ಇದೆ. ಎರಡು ಕಡೆಯೂ ಲಾವಾ ಮಾತೇ. ಒಂದೇ ಪದದಿಂದ ಇಬ್ಬರನ್ನೂ ಅಳೆದಿದ್ದಾರೆ.

‘ತೀರಿಸು’ ಎಂಬುದಕ್ಕೆ ಅಲ್ಲಿರುವ ಹೀಬ್ರೂ ಮಾತು ‘ಶಿಲ್ಲೇಮ್’. ಅದು ‘ಶಾಲೋಮ್’ ಎಂಬುದರ ಬೇರಿನದೇ. ಶಾಲೋಮ್ ಎಂದರೆ ಶಾಂತಿ, ಪೂರ್ಣತೆ, ಏನೂ ಕೊರತೆ ಇಲ್ಲದ ನೆಮ್ಮದಿ. ಸಾಲ ತೀರಿಸುವುದೆಂದರೆ ಮುರಿದದ್ದನ್ನು ಮತ್ತೆ ಪೂರ್ತಿ ಮಾಡುವುದು. ಮಗಳ ಫೀಜಿಗೆ ಹಣ ಸಿಗದ ಆ ಸದಸ್ಯೆಯ ಕಣ್ಣೀರು ಏಕೆ ನ್ಯಾಯ ಎಂದು ಇದರಿಂದ ಗೊತ್ತಾಗುತ್ತದೆ. ಸಂಘದ ಹಣ ಯಾರೋ ಸಾಹುಕಾರನ ಹಣವಲ್ಲ, ಪಕ್ಕದಲ್ಲಿ ಕೂತವಳ ಬೆವರು. ಕಟ್ಟಲು ಆಗದವರು ಬೇರೆ, ಕಟ್ಟಲು ಮನಸ್ಸಿಲ್ಲದವರು ಬೇರೆ. ಇದನ್ನು ತಿಳಿಯಬೇಕಾದರೆ ಅವರ ಬಾಗಿಲಿಗೆ ಹೋಗಿ, ಹೊರಗೆ ನಿಂತು, ಕೇಳಬೇಕು.

ಜ್ಞಾನೋಕ್ತಿ 19ರಲ್ಲಿ ಇನ್ನೊಂದು ಮಾತಿದೆ. ಬಡವರಿಗೆ ದಯೆ ತೋರಿಸಿದವನು ಸರ್ವೇಶ್ವರನಿಗೇ ಸಾಲ ಕೊಟ್ಟ ಹಾಗೆ ಎಂಬುದು ಅದರ ಅರ್ಥ. ಅಲ್ಲಿ ಸಾಲ ಕೊಟ್ಟವನು ‘ಮಲ್ವೆ’. ಪಡೆದವರ ಜಾಗದಲ್ಲಿ ದೇವರೇ ನಿಂತಿದ್ದಾರೆ. ಸಾಲ ಪಡೆದವರನ್ನು ಕೀಳಾಗಿ ನೋಡುವ ಮುಂಚೆ ಇದನ್ನು ನೆನೆಯೋಣ.

ಬಸ್ತಿಹಳ್ಳಿಯಲ್ಲಿ ಏನಾಯಿತು?

ಪಾಠ ಮುಗಿದ ಮೇಲೆ ನಾವೂ ಒಂದು ತಪ್ಪು ಒಪ್ಪಿಕೊಂಡೆವು. ನೂರಕ್ಕೆ ನೂರು ಮರುಪಾವತಿ ಮಾಡಿದ ಸಂಘಕ್ಕೆ ವಾರ್ಷಿಕ ಸಮಾವೇಶದಲ್ಲಿ ಚಪ್ಪಾಳೆ ತಟ್ಟಿಸಿ ಬಹುಮಾನ ಕೊಟ್ಟವರು ನಾವೇ. ಆ ನೂರರ ಒಳಗೆ ಯಾರ ಕಿವಿಯೋಲೆ ಅಡವಿಗೆ ಹೋಯಿತು, ಯಾರು ಒಂದು ಸಾಲ ತೀರಿಸಲು ಇನ್ನೊಂದು ಸಾಲ ತಂದರು ಎಂದು ನಾವು ಕೇಳಿರಲಿಲ್ಲ. ಕೇಳಬೇಕಿತ್ತು.

ನಾಲ್ಕು ಜನ ಸದಸ್ಯೆಯರು ಮಾರನೆಯ ದಿನ ಆ ಮನೆಗೆ ಹೋದರು. ಒಳಗೆ ಹೋಗಲಿಲ್ಲ, ಅಂಗಳದ ಹೊರಗೆ ನಿಂತು ಕೂಗಿದರು. ಬಹಳ ಹೊತ್ತಾದ ಮೇಲೆ ಅವರು ಬಾಗಿಲು ತೆರೆದರು. ಮೊದಲು ಅತ್ತರು, ಆಮೇಲೆ ಹೇಳಿದರು. ಸಂಘದ್ದಲ್ಲದೆ ಮೂರು ಕಡೆ ಬೇರೆ ಸಾಲ ಇತ್ತು. ವಾರದಲ್ಲಿ ಮೂರು ದಿನ ವಸೂಲಿಯವರು ಬರುತ್ತಿದ್ದರು. ಹೆದರಿಕೆಗೆ ಅವರಿಗೆ ಮೊದಲು ಕಟ್ಟುತ್ತಿದ್ದರು. ‘ನೀವ್ ನಮ್ಮೋರು, ತಡ್ಕೋತೀರ ಅಂದ್ಕಂಡೆ’ ಎಂದರಂತೆ. ಮುಖ ತೋರಿಸಲು ನಾಚಿಕೆಯಾಗಿ ಸಭೆಗೆ ಬರುವುದನ್ನೇ ಬಿಟ್ಟಿದ್ದರು.

ಮುಂದಿನ ಸಭೆಗೆ ಅವರು ಬಂದರು. ಎಲ್ಲ ಸಾಲವನ್ನೂ ಒಂದು ಹಾಳೆಯಲ್ಲಿ ಬರೆಸಿದರು. ಸಂಘ ನಿರ್ಣಯ ಪುಸ್ತಕದಲ್ಲಿ ಬರೆದುಕೊಂಡದ್ದು ಇಷ್ಟು. ಸುಸ್ತಿಯ ದಂಡ ಬೇಡ. ಆರು ತಿಂಗಳು ಬಡ್ಡಿ ಬೇಡ. ಉಳಿದ 14,000 ರೂಪಾಯಿಯನ್ನು ವಾರಕ್ಕೆ 250ರಂತೆ 56 ವಾರದಲ್ಲಿ ಕಟ್ಟುವುದು. ಹಾಲಿನ ಡೈರಿಯ ಹಣ ಬಂದ ದಿನವೇ ಕಟ್ಟುವುದು. ಕಟ್ಟಲು ಆಗದ ವಾರವೂ ಸಭೆಗೆ ತಪ್ಪದೆ ಬರುವುದು. ಸಾಲ ತೀರುವವರೆಗೆ ಎಲ್ಲೂ ಹೊಸ ಸಾಲ ಬೇಡ. ಮಗಳ ಫೀಜಿಗೆ ಕೇಳಿದ್ದ ಸದಸ್ಯೆಗೆ ಮುಂದಿನ ಸಾಲ ಮೊದಲು.

ಎಲ್ಲ ಸುಖವಾಗಿ ಮುಗಿಯಿತು ಎಂದು ನಾವು ಹೇಳುವುದಿಲ್ಲ. ಇದು ಸರಿಯಲ್ಲ ಎಂದು ಒಬ್ಬ ಸದಸ್ಯೆ ತಮ್ಮ ಉಳಿತಾಯ ವಾಪಸು ಪಡೆದು ಸಂಘ ಬಿಟ್ಟರು. ಫೀಜಿನ ಹಣ ಸಿಕ್ಕಿದ್ದು ಎರಡು ತಿಂಗಳು ತಡವಾಗಿ. ಅಷ್ಟರಲ್ಲಿ ಅವರು ಕೈಗಡ ತಂದು ಕಟ್ಟಿದ್ದರು, ಅದರ ನೋವು ಅವರಿಗೆ ಇದ್ದೇ ಇದೆ. ಕಂತು ಎರಡು ಮೂರು ವಾರ ತಪ್ಪಿದ್ದೂ ಉಂಟು. ಆದರೆ ಸಭೆ ತಪ್ಪಲಿಲ್ಲ. ಹಸು ಅವರ ಕೊಟ್ಟಿಗೆಯಲ್ಲೇ ಇದೆ. ಹಾಲು ಡೈರಿಗೆ ಹೋಗುತ್ತಿದೆ. ಆ ಹಾಲಿನಿಂದಲೇ ಸಂಘದ ಸಾಲ ತೀರುತ್ತಿದೆ.

ನೆನಪಿಡೋಣ

* ‘ಲಾವಾ’ ಎಂದರೆ ಸಾಲ ಪಡೆ, ಸಾಲ ಕೊಡು. ಅದೇ ಅಕ್ಷರದಲ್ಲಿ ಜೊತೆಗೂಡು ಎಂಬ ಮಾತೂ ಇದೆ.
* ‘ನೆಶೆಖ್’ ಎಂದರೆ ಕಚ್ಚುವ ಬಡ್ಡಿ. ‘ಶಿಲ್ಲೇಮ್’ ಎಂದರೆ ತೀರಿಸಿ ಪೂರ್ತಿ ಮಾಡುವುದು.
* ದುಡಿದು ತಿನ್ನುವ ಸಾಧನವನ್ನು ಕಸಿಯಬಾರದು: ಅಂದು ಬೀಸುವ ಕಲ್ಲು, ಇಂದು ಹಸು, ಹೊಲಿಗೆ ಯಂತ್ರ.
* ಕಟ್ಟಲು ಆಗದಿದ್ದರೆ ಬಚ್ಚಿಟ್ಟುಕೊಳ್ಳಬೇಡಿ. ಸಭೆಗೆ ಬನ್ನಿ, ಹೇಳಿ.

ಸಂಘದಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಸುಸ್ತಿಯಾದವರ ಮನೆಗೆ ನಾವು ಕೊನೆಯದಾಗಿ ಹೋಗಿದ್ದು ಯಾವಾಗ? ಹೊರಗೆ ನಿಂತೆವೋ, ಒಳಗೆ ನುಗ್ಗಿದೆವೋ?
2. ನಮ್ಮ ಸದಸ್ಯೆಯರಿಗೆ ಸಂಘದ ಹೊರಗೆ ಎಷ್ಟು ಸಾಲ ಇದೆ? ಹೇಳಿಕೊಳ್ಳಲು ಅವರಿಗೆ ಏಕೆ ಭಯ?
3. ಒಬ್ಬರಿಗೆ ಸಮಯ ಕೊಟ್ಟಾಗ ಇನ್ನೊಬ್ಬರ ಸಾಲ ತಡವಾಗುತ್ತದೆ. ಆ ಭಾರವನ್ನು ಎಲ್ಲರೂ ಹೇಗೆ ಹಂಚಿಕೊಳ್ಳುವುದು?

ಈ ತಿಂಗಳು ಮಾಡೋಣ

ಸಂಘದ ಒಂದೊಂದು ಸಾಲವನ್ನೂ ತೆಗೆದು, ಬಡ್ಡಿ ಪೂರ್ತಿ ಹಣಕ್ಕೆ ಹಾಕಿದ್ದೇವೋ ಉಳಿದ ಅಸಲಿಗೋ ಎಂದು ಲೆಡ್ಜರ್ ನೋಡಿ. ಮೂರು ವಾರ ಸಭೆಗೆ ಬಾರದ ಸದಸ್ಯೆ ಇದ್ದರೆ ಇಬ್ಬರು ಅವರ ಮನೆಗೆ ಹೋಗಿ ಬನ್ನಿ. ಕಂತಿನ ಮಾತು ಆಮೇಲೆ ಆಡಿ, ಮೊದಲು ಹೇಗಿದ್ದೀರಿ ಎಂದು ಕೇಳಿ.